ಕೈ ಸುಡದ ರೇಡಿಯೇಟರು

ಬಲ್ಗೇರಿಯಾದ ಪೆರ್ನಿಕ್ ಊರಿನ ಚಳಿಯ ಬಗ್ಗೆ ಹೊರಗಿನವರು ಹೇಳುವುದನ್ನು ನಂಬಬೇಡಿ. ಅವರೆಲ್ಲ ಕಡಿಮೆ ಮಾಡಿ ಹೇಳುತ್ತಾರೆ. ಇಲ್ಲಿ ಜನವರಿಯಲ್ಲಿ ಬೀದಿನಾಯಿ ಬೊಗಳಬೇಕೆನಿಸಿದರೆ ಯಾರದಾದರೂ ಮನೆಯೊಳಗೆ ಬಂದು ಬೊಗಳಿ ಹೋಗುತ್ತದೆ. ಕಾಗೆಗಳು ಹಾರುವುದಿಲ್ಲ, ನಡೆದುಕೊಂಡೇ ಓಡಾಡುತ್ತವೆ. ರೆಕ್ಕೆ ಬಿಚ್ಚಿದರೆ ಕಂಕುಳಿಗೆ ಗಾಳಿ ಹೊಗುತ್ತದೆಂಬ ಭಯ.

ಇಂಥ ಚಳಿಗೆ ಎದೆಯೊಡ್ಡಿ, ಹಳೆಯ ಕಲ್ಲಿದ್ದಲು ಗಣಿಯ ಮೇಲಿನ ದಿಣ್ಣೆಯಲ್ಲಿ ಎರಡು ಎತ್ತರದ ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಪುರಸಭೆಯ ಬಾಡಿಗೆ ಮನೆಗಳು. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಲಾರಿಯಲ್ಲಿ ತಂದು, ಒಂದರ ಪಕ್ಕ ಒಂದು ನಿಲ್ಲಿಸಿ, ಇಸ್ಪೀಟೆಲೆಯ ಮನೆಯಂತೆ ಕಟ್ಟಿದ್ದು. ಆ ಒಂದೊಂದು ಗೋಡೆಯನ್ನೂ ನೆಲದಿಂದೆತ್ತಿ ಜಾಗಕ್ಕಿಟ್ಟವಳು ಜಿವ್ಕಾ. ಜಡೆ ಹಾಕುವ ವಯಸ್ಸಿಗೇ ಕ್ರೇನ್ ಹತ್ತಿ ಕೂತವಳು. ಅವಳ ಕೊಕ್ಕೆಯಿಂದ ಹಸಿ ಮೊಟ್ಟೆ ಇಳಿಸಿದರೂ ಬಿರುಕು ಬಿಡುತ್ತಿರಲಿಲ್ಲ ಎಂದು ಊರು ಹೇಳುತ್ತದೆ. ಜಿವ್ಕಾಗೆ ಅಷ್ಟು ಸಾಲದು.

“ಮೊಟ್ಟೆ ಏನು ಬಂತು? ಮೊಟ್ಟೆ ಮೇಲೆ ಕಾವು ಕೂತಿದ್ದ ಕೋಳಿನೇ ಇಳಿಸಿದೀನಿ. ಅದು ಕಣ್ಣು ಬಿಡಲಿಲ್ಲ.”

ಈಗ ಅವಳಿಗೆ ನಿವೃತ್ತಿ. ಕ್ರೇನ್ ಹೋಯಿತು, ಗಂಟಲು ಉಳಿಯಿತು. ಪೂರ್ವದ ಕಟ್ಟಡದ ಜನ ಅವಳನ್ನೇ ತಮ್ಮ ಯಜಮಾನಿಯಾಗಿ ಆರಿಸಿಕೊಂಡಿದ್ದರು. ಬೇರೆ ಯಾರೇ ಯಜಮಾನರಾದರೂ ಜಿವ್ಕಾಳೇ ಕೂಗಾಡುವುದು ಖಂಡಿತವಾದ್ದರಿಂದ ಅಧಿಕಾರವನ್ನೂ ಅವಳಿಗೇ ಕೊಟ್ಟುಬಿಡುವುದು ಲೇಸೆಂದು.

ಎದುರಿನ ಪಶ್ಚಿಮದ ಕಟ್ಟಡದಲ್ಲಿ ಅವಳ ಅಕ್ಕ ಪೌನಾ ಒಬ್ಬಳೇ ಇದ್ದಳು. ಕಲ್ಲಿದ್ದಲು ತೊಳೆಯುವ ಕೆಲಸದಲ್ಲಿ ಆಯುಷ್ಯ ಸವೆಸಿದವಳು. ಎದೆಯಲ್ಲಿ ಆ ಧೂಳು ಇನ್ನೂ ಕೂತಿತ್ತು. ಚಳಿಗಾಲ ಬಂತೆಂದರೆ ಅವಳ ಮನೆಯ ಮೂಲೆಗಳಲ್ಲಿ ಕರಿ ಬೂಷ್ಟು ಹಬ್ಬುತ್ತಿತ್ತು, ಅವಳ ಎದೆಯಲ್ಲಿ ಕೆಮ್ಮು ಹಬ್ಬುತ್ತಿತ್ತು. ಆ ಕೆಮ್ಮು ಅಂಗಳ ದಾಟಿ ಈಚೆ ಕೇಳಿಸುತ್ತಿತ್ತು. ಅದೊಂದು ಸದ್ದು ಕೇಳಿದಾಗ ಮಾತ್ರ ಜಿವ್ಕಾಳ ಬಡಾಯಿ ಅರ್ಧಕ್ಕೇ ನಿಲ್ಲುತ್ತಿತ್ತು.

“ಅಕ್ಕಾ, ಬೇಸಿಗೆ ಬರೋವರೆಗೆ ನಮ್ಮನೇಲಿ ಇರು ಬಾರೇ!” ಎಂದು ಬಾಲ್ಕನಿಯಿಂದ ಕೂಗುವಳು.

“ನಿನ್ನ ಮನೇಲಿ ಏನು ಅಂಜೂರ ಹಣ್ಣಾಗ್ತಿದೆಯಾ?” ಎಂದು ಪೌನಾ ಆಚೆಯಿಂದ ಕೂಗುವಳು. “ಅದೇ ಗೋಡೆ, ಅದೇ ಕ್ರೇನು, ಅದೇ ಚಳಿ. ನಡುಗೋದಾದ್ರೆ ನನ್ನ ಮಂಚದ ಮೇಲೇ ನಡುಗ್ತೀನಿ ಬಿಡು.”

ಹೀಗಿರುವಾಗ ಒಂದು ವಸಂತದಲ್ಲಿ ರಾಜಧಾನಿ ಸೋಫಿಯಾದಿಂದ ಇಸ್ಕ್ರಾ ಎಂಬ ಅಧಿಕಾರಿಣಿ ಬಂದು, ಪೂರ್ವದ ಕಟ್ಟಡದ ಮೆಟ್ಟಿಲಿನ ಬುಡದಲ್ಲಿ ಸಭೆ ಕರೆದಳು. ತೆಳ್ಳಗಿನ ಹೆಂಗಸು, ದಪ್ಪನೆಯ ಕನ್ನಡಕ. ಹಳೆಯ ಕಟ್ಟಡಗಳಿಗೆ ಹೊರಗಿನಿಂದ ಥರ್ಮಾಕೋಲಿನ ದಪ್ಪ ಕೋಟು ತೊಡಿಸುತ್ತೇವೆ, ಎರಡು ಗಾಜಿನ ಕಿಟಕಿ ಹಾಕುತ್ತೇವೆ, ಮೆಟ್ಟಿಲಿಗೆ ಗಾಳಿಯಾಡದ ಬಾಗಿಲು ಇಡುತ್ತೇವೆ ಎಂದಳು. ಆದರೆ ದುಡ್ಡು ಎಲ್ಲ ಊರಿಗೂ ಒಟ್ಟಿಗೆ ಸಾಲದು.

“ಮೊದಲು ನಿಮ್ಮ ಕಟ್ಟಡ. ಚಳಿಗಾಲದಲ್ಲಿ ನಾನೇ ಬಂದು ಬಾಗಿಲು ತಟ್ಟಿ ಕೇಳ್ತೀನಿ. ಬೆಚ್ಚಗಿದೀವಿ ಅಂತ ನೀವು ಹೇಳಿದ್ರೆ ಸಾರವೆ ಎದುರಿನ ಕಟ್ಟಡಕ್ಕೆ ಹೋಗತ್ತೆ. ಪ್ರಯೋಜನ ಆಗಿಲ್ಲ ಅಂದ್ರೆ ಬೇರೆ ಊರಿಗೆ ಹೋಗತ್ತೆ. ಆಮೇಲೆ ಈ ಕಡೆ ಯಾವಾಗ ಬರ್ತೀವೋ ನಾನು ಹೇಳಲಾರೆ.”

“ಬೆಚ್ಚಗಾಗದೆ ಏನಾಗತ್ತೆ ಮೇಡಂ?” ಎಂದಳು ಜಿವ್ಕಾ. “ಮುಂದಿನ ಚಳಿಗಾಲ ನಾವು ಕಿಟಕಿ ಹತ್ರ ಕೂತು ಬಾಳೆಹಣ್ಣು ಬೆಳೀತೀವಿ. ಬಂದು ತಿಂದು ಹೋಗಿ.”

ಜನ ನಕ್ಕರು. ಜಿವ್ಕಾ ನಗಲಿಲ್ಲ. ಎದುರಿನ ಕಟ್ಟಡದ ಮೂರನೇ ಅಂತಸ್ತಿನಲ್ಲಿ ಅಕ್ಕನ ಕಿಟಕಿಯನ್ನು ನೋಡುತ್ತಿದ್ದಳು.

ಬೇಸಿಗೆಯಿಡೀ ಕೆಲಸ ನಡೆಯಿತು. ಆಳುಗಳು ಸಾರವೆ ಕಟ್ಟಿ, ಹಲಗೆ ಹಲಗೆಯಾಗಿ ಥರ್ಮಾಕೋಲ್ ಅಂಟಿಸಿ, ಮೇಲೆ ಬಲೆ ಹೊದಿಸಿ ಗಾರೆ ಬಳಿದರು. ಜಿವ್ಕಾ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಹಲಗೆಹಲಗೆಗೂ ಅಪ್ಪಣೆ ಕೊಟ್ಟಳು. ಗೋಡೆ ತೂಗುಗುಂಡಿಗೆ ಸರಿಯಾಗಿ ನಿಂತಿದೆ, ಎಲ್ಲೂ ವಾಲಿಲ್ಲ ಎಂದು ಮೇಸ್ತ್ರಿ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟ. ಆವತ್ತಿನಿಂದ ಆ ಮಾತನ್ನು ಅವಳು ಹಾಲಿನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಮಲಗಿದ್ದಾಗಲೂ ಹೇಳಿದಳು. ಶರತ್ಕಾಲಕ್ಕೆ ಕಟ್ಟಡ ಏಪ್ರಿಕಾಟ್ ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ನಿಂತಿತು. ಅದರ ಎದುರು ಪೌನಾಳ ಕಟ್ಟಡ ಬೂದು ಬಣ್ಣದ ಬೀಗಿತ್ತಿಯ ಹಾಗೆ ಮುಖ ಗಂಟಿಕ್ಕಿತು.

ಮೊದಲ ಚಳಿ ಬಿತ್ತು. ಊರಾಚೆಯ ದೊಡ್ಡ ಬಾಯ್ಲರಿನಿಂದ ಬಿಸಿನೀರು ನೆಲದಡಿಯ ಕೊಳವೆಗಳಲ್ಲಿ ಹರಿದುಬಂದು ಮನೆಮನೆಯ ಗೋಡೆಗೆ ಕೂರಿಸಿದ ಕಬ್ಬಿಣದ ರೇಡಿಯೇಟರಿಗೆ ಏರಿತು. ತೊಡಕು ಶುರುವಾದದ್ದು ಅಲ್ಲಿಂದ.

ನಮ್ಮೂರಲ್ಲಿ ಮನೆ ಬೆಚ್ಚಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿ. ನೆಂಟ ಒಳಗೆ ಬಂದವನು ಟೋಪಿ ತೆಗೆಯುವುದಕ್ಕೂ ಮೊದಲು, ಆರೋಗ್ಯ ವಿಚಾರಿಸುವುದಕ್ಕೂ ಮೊದಲು, ನೆಟ್ಟಗೆ ಹೋಗಿ ರೇಡಿಯೇಟರಿನ ಮೇಲೆ ಅಂಗೈ ಇಡುತ್ತಾನೆ. ಅಂಗೈ ಸುಟ್ಟು ‘ಹಾ!’ ಎಂದು ಕೈ ಎಳೆದುಕೊಂಡರೆ ಮನೆಯೊಡತಿಯ ಮುಖ ಅರಳುತ್ತದೆ. ಸುಡಲಿಲ್ಲವೋ, ಆ ಮನೆ ತಣ್ಣಗೆ, ಮಾತು ಮುಗಿಯಿತು. ಗೋಡೆಯಿಂದ ನೀರಿಳಿಯುತ್ತಿರಲಿ, ಕಿಟಕಿ ಸಂದಿಯಿಂದ ಹಿಮ ಒಳಗೆ ಹಾರಿ ಬರುತ್ತಿರಲಿ, ರೇಡಿಯೇಟರ್ ಸುಟ್ಟರೆ ಸಾಕು. ಹಳೆಯ ಕಾಲದಲ್ಲಿ ಜನ ಅದರ ಪಕ್ಕ ಕೂತು ಒಂದು ಮಗ್ಗುಲು ಬೆಂದಾಗ ಇನ್ನೊಂದು ಮಗ್ಗುಲು ತಿರುಗಿಸಿಕೊಳ್ಳುತ್ತ, ಸಲಾಕೆಗೆ ಚುಚ್ಚಿದ ಕೋಳಿಯ ಹಾಗೆ ಚಳಿಗಾಲ ಕಳೆಯುತ್ತಿದ್ದರು. ಅದಕ್ಕೆ ಸುಖ ಎನ್ನುತ್ತಿದ್ದರು.

ಹೊಸ ಕೋಟು ತೊಟ್ಟ ಮೇಲೆ ಕಟ್ಟಡಕ್ಕೆ ಅಷ್ಟು ಬಿಸಿ ಬೇಕಿರಲಿಲ್ಲ. ಗೋಡೆ ಬಿಸಿಯನ್ನು ಹೊರಗೆ ಬಿಡುತ್ತಲೇ ಇರಲಿಲ್ಲ. ನೀರನ್ನು ಹದಮಾಡಿ ಬಿಡುವಂತೆ ನೆಲಮಾಳಿಗೆಯಲ್ಲಿ ಏರ್ಪಾಟಾಗಿತ್ತು. ಮನೆಯೊಳಗೆ ಮೂಲೆಯಿಂದ ಮೂಲೆಗೆ ಒಂದೇ ಸಮನೆ ಹಿತವಾದ ಬಿಸುಪು. ರೇಡಿಯೇಟರ್ ಮಾತ್ರ ಹಸುವಿನ ಮೈಯಷ್ಟೇ ಬೆಚ್ಚಗೆ.

ಐದನೇ ಅಂತಸ್ತಿನ ಸ್ಟಾಮೆನ್, ಗಣಿಯಲ್ಲಿ ದುಡಿದು ಬಂದ ಮುದುಕ, ಅಂಗೈಯಿಟ್ಟು ನೋಡಿದ. ಸುಡಲಿಲ್ಲ. ಇನ್ನೊಂದು ಅಂಗೈಯಿಟ್ಟ. ಸುಡಲಿಲ್ಲ. ಕೆನ್ನೆಯಿಟ್ಟ. ಆಮೇಲೆ ಮೆಟ್ಟಿಲಿಗೆ ಬಂದು ಇಡೀ ಕಟ್ಟಡಕ್ಕೆ ಕೇಳುವಂತೆ ಸಾರಿದ.

“ಮೋಸ ಹೋದ್ವಿ ಕಣ್ರಪ್ಪೋ! ಗೋಡೆಗೆ ಕೋಟು ಹಾಕಿ ನಮ್ಮ ಕೋಟು ಕಿತ್ಕೊಂಡ್ರು!”

ಎಲ್ಲರೂ ತಮ್ಮ ತಮ್ಮ ರೇಡಿಯೇಟರ್ ಮುಟ್ಟಿ ನೋಡಿದರು. ಎಲ್ಲರಿಗೂ ಏಕಕಾಲಕ್ಕೆ ಚಳಿಯಾಯಿತು.

ಜಿವ್ಕಾ ಸ್ಟಾಮೆನ್ ಮನೆಗೆ ಹೋದಳು. ಅವನು ತುಪ್ಪಳದ ಟೋಪಿ, ಗಣಿಯ ದಪ್ಪ ಕೋಟು, ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತಿದ್ದ. ಮುಖದಿಂದ ಬೆವರು ಇಳಿದು ಮೀಸೆಯಲ್ಲಿ ಕೆರೆ ಕಟ್ಟಿತ್ತು.

“ನೋಡು, ಹೆಪ್ಪುಗಟ್ಟಿ ಹೋಗ್ತಿದೀನಿ” ಎಂದ.

“ಬೆವರು ಸುರೀತಿದೆಯಲ್ಲೋ ಮಾರಾಯ!”

“ಇದು ಚಳಿ ಬೆವರು. ಗಣಿ ಇಳಿಯದವರಿಗೆ ಇದೆಲ್ಲ ಗೊತ್ತಾಗಲ್ಲ.”

ಅವಳು ಥರ್ಮಾಮೀಟರ್ ತಂದು ಅವನ ಮೂಗಿನ ಮುಂದೆ ಹಿಡಿದಳು. “ಓದು. ಮೇ ತಿಂಗಳ ಸೆಕೆ ಇದೆ ಇಲ್ಲಿ.”

“ಆ ಕಡ್ಡಿ ನಿನ್ನದು. ನಿನ್ನ ಮನೆ ಬೆಕ್ಕೂ ಬಡಾಯಿ ಕೊಚ್ಚತ್ತೆ, ಇನ್ನು ಕಡ್ಡಿ ಬಿಡತ್ತಾ? ನನ್ನ ಅಂಗೈ ಸುಳ್ಳು ಹೇಳಲ್ಲ.”

“ಇಸ್ಕ್ರಾ ಮೇಡಂ ಬಂದಾಗ ಏನು ಹೇಳ್ತೀಯಾ?”

“ನಿಜ ಹೇಳ್ತೀನಿ. ಚಳಿ ಅಂತೀನಿ.”

“ಎದುರುಗಡೆಯವರ ಕಥೆ? ನನ್ನ ಅಕ್ಕನ ಕಥೆ?”

ಸ್ಟಾಮೆನ್ ಮೀಸೆಯ ಬೆವರು ಒರೆಸಿಕೊಂಡ. ಕೆಟ್ಟವನಲ್ಲ. “ಪೌನಾ ಮೇಲೆ ನಂಗೂ ಪ್ರೀತಿ ಇದೆ ಕಣಮ್ಮ. ಅದಕ್ಕೇ ಹೇಳ್ತಿರೋದು. ಇಂಥ ಕೆಟ್ಟ ಕೋಟು ಅವಳಿಗೆ ಯಾಕೆ? ಈಗಲೇ ಅವಳ ಎದೆ ಸರಿ ಇಲ್ಲ.”

ಇದಕ್ಕೆ ಏನು ಹೇಳುತ್ತೀರಿ? ಒಂದೊಂದು ಬಾಗಿಲಲ್ಲೂ ಇದೇ ಕಥೆ. ಜನ ಬನಿಯನ್ನಿನಲ್ಲಿ ಓಡಾಡುತ್ತಿದ್ದರು, ಬರಿಗಾಲಲ್ಲೇ ನೆಲ ತುಳಿಯುತ್ತಿದ್ದರು, ಮಕ್ಕಳ ಮೂಗು ಸೋರುವುದು ನಿಂತಿತ್ತು. ಕೇಳಿದರೆ ಮಾತ್ರ ಅಂಗೈ ತೋರಿಸಿ ‘ಸುಡಲ್ಲ’ ಎನ್ನುತ್ತಿದ್ದರು.

ಜಿವ್ಕಾ ಅಕ್ಕನನ್ನಾದರೂ ಕರೆತಂದು ತೋರಿಸೋಣವೆಂದು ಹೋದಳು. ಪೌನಾ ಮೂರು ಕಂಬಳಿಯಡಿ ಕೂತು, ಸುಡುವ ರೇಡಿಯೇಟರಿಗೆ ಬೆನ್ನು ಕೊಟ್ಟು ಕೆಮ್ಮುತ್ತಿದ್ದಳು.

“ಬರಲ್ಲ ಕಣೇ. ನಿಮ್ಮ ಮನೆ ತಣ್ಣಗಿದೆಯಂತೆ. ಊರೆಲ್ಲ ಹೇಳ್ತಿದೆ. ಇಲ್ಲಿ ನೋಡು, ಮುಟ್ಟು, ಹೇಗೆ ಸುಡತ್ತೆ!”

ಜಿವ್ಕಾ ಮುಟ್ಟಿದಳು. ಅಂಗೈ ಸುಟ್ಟಿತು. ಅವಳ ಬಾಯಿಂದ ಉಸಿರು ಬಿಳಿ ಹೊಗೆಯಾಗಿ ಹೊರಟಿತು.

ಆ ನವೆಂಬರಿನಲ್ಲೇ ಎಲೆಕೋಸಿನ ಕಾಲ ಬಂತು. ಪೆರ್ನಿಕ್‌ನಲ್ಲಿ ಯಾವ ಮನೆಯೂ ಕೋಸಿನ ಪೀಪಾಯಿಯಿಲ್ಲದೆ ಚಳಿಗಾಲಕ್ಕೆ ಕಾಲಿಡುವುದಿಲ್ಲ. ಇಡಿ ಇಡೀ ಕೋಸುಗಳನ್ನು ಪೀಪಾಯಿಗೆ ತುಂಬಿ, ಉಪ್ಪುನೀರು ಸುರಿದು, ಮೇಲೆ ಕಲ್ಲು ಹೇರಿ ಹುಳಿಯಾಗಲು ಬಿಡಬೇಕು. ಕ್ರಿಸ್‌ಮಸ್ಸಿಗೆ ಆ ಎಲೆಯಲ್ಲೇ ಅಕ್ಕಿ ಮತ್ತು ಮಾಂಸ ಸುತ್ತಿ ಬೇಯಿಸುವುದು. ಪೀಪಾಯಿ ಇಡುವ ಜಾಗ ಮೆಟ್ಟಿಲಿನ ತಿರುವು. ಅದು ಕಟ್ಟಡ ಎದ್ದಂದಿನಿಂದ ಗೊತ್ತಾದ ಜಾಗ. ಬಾಲ್ಕನಿಯಲ್ಲಿಟ್ಟರೆ ಮಂಜುಗಡ್ಡೆಯಾಗುತ್ತದೆ, ಒಳಗಿಟ್ಟರೆ ಮೆತ್ತಗಾಗುತ್ತದೆ. ಒಡೆದ ಗಾಜಿನ ಕಿಟಕಿಯ ಆ ತಿರುವಿನ ಚಳಿ ಮಾತ್ರ ಕೋಸಿಗೆಂದೇ ಹೇಳಿಮಾಡಿಸಿದ್ದು.

ಪೂರ್ವದ ಕಟ್ಟಡದವರೂ ಎಂದಿನಂತೆ ಅಲ್ಲೇ ಇಟ್ಟರು. ಅಲ್ಲಿನ ಕಿಟಕಿಗೂ ಎರಡು ಗಾಜು ಬಂದಿದೆ, ಬಾಗಿಲು ಗಾಳಿಯಾಡದಂತೆ ಮುಚ್ಚುತ್ತದೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಜಿವ್ಕಾಳ ತಲೆಗೂ.

ಒಂದು ಬೆಳಿಗ್ಗೆ ಅವಳು ಪೀಪಾಯಿಯ ಮುಚ್ಚಳ ತೆಗೆದು ಕೋಸಿನ ಮೇಲೆ ಬೆರಳೊತ್ತಿದಳು. ಬೆರಳು ಒಳಗೆ ಹೋಯಿತು.

ನಮ್ಮೂರಲ್ಲಿ ಗಂಡ ಬಿಟ್ಟು ಹೋದರೆ ಜನ ಮರುಗುತ್ತಾರೆ. ಕೋಸು ಮೆತ್ತಗಾದರೆ ಮರುಗುವುದಿಲ್ಲ. ಆ ಮನೆಗೆ ಹೆಣ್ಣು ಕೊಡುವುದಿಲ್ಲ, ಆ ಮನೆಯಿಂದ ಉಪ್ಪು ಕೂಡ ಸಾಲ ತರುವುದಿಲ್ಲ. ಅದರಲ್ಲೂ ಜಿವ್ಕಾಳ ಕೋಸೆಂದರೆ ಕಡಿದ ಸದ್ದು ರೈಲು ನಿಲ್ದಾಣಕ್ಕೆ ಕೇಳಿಸುವಂಥದ್ದು. ಅದನ್ನು ಕೇಳಿ ಒಮ್ಮೆ ಸೋಫಿಯಾ ರೈಲು ಹೊತ್ತಿಗೆ ಮುಂಚೆಯೇ ಹೊರಟಿತ್ತಂತೆ. ಹಾಗೆಂದು ಅವಳೇ ಹೇಳುವುದು. ಅಂಥವಳ ಪೀಪಾಯಿ ಗಂಜಿಯಾಗಿ ಕೂತಿತ್ತು.

ಅವಳು ಅತ್ತ ಇತ್ತ ನೋಡಿದಳು. ಮುಚ್ಚಳ ಮುಚ್ಚಿದಳು, ಕಲ್ಲು ಹೇರಿದಳು, ಮೇಲೊಂದು ಚೌಕುಳಿ ಬಟ್ಟೆ ಹೊದಿಸಿ ಬಿಗಿಯಾಗಿ ಕಟ್ಟಿದಳು. ಉಪ್ಪು ಕಡಿಮೆಯಾಯಿತೇನೋ, ವಯಸ್ಸಾಯಿತೇನೋ. ಯಾರಿಗೂ ಉಸಿರು ಬಿಡಲಿಲ್ಲ.

ಕೆಲವು ದಿನಗಳಲ್ಲಿ ತಿರುವು ತಿರುವಿನಲ್ಲೂ ಪೀಪಾಯಿಗಳ ಮೇಲೆ ಬಟ್ಟೆ ಹೊದಿಸಿ ಕಟ್ಟಿದ್ದನ್ನು ಅವಳು ಕಂಡಳು. ಈ ವರ್ಷ ಇದೇ ಹೊಸ ಷೋಕಿಯೇನೋ ಎಂದುಕೊಂಡಳು.

ಇಸ್ಕ್ರಾ ಬರುವ ದಿನ ಬಂದೇಬಿಟ್ಟಿತು. ಹೊರಗೆ ಹಿಮ ಮೊಣಕಾಲುದ್ದ ಬಿದ್ದಿತ್ತು. ಬೆಳಿಗ್ಗೆ ಜಿವ್ಕಾ ಒಬ್ಬಳೇ ನೆಲಮಾಳಿಗೆಗೆ ಇಳಿದಳು. ಅಲ್ಲಿ ಕೊಳವೆಗಳ ನಡುವೆ ಬಿಸಿನೀರು ಬಿಡುವ ಕೆಂಪು ಚಕ್ರವಿತ್ತು. ಯಜಮಾನಿಯಾದ್ದರಿಂದ ಬೀಗದ ಕೈ ಅವಳ ಹತ್ತಿರವೇ. ಚಕ್ರ ಒಂದು ಸುತ್ತು ತಿರುಗಿದರೆ ಸಾಕು, ಮಧ್ಯಾಹ್ನದೊಳಗೆ ಇಡೀ ಕಟ್ಟಡದ ರೇಡಿಯೇಟರುಗಳು ಸುಡುತ್ತವೆ. ಸ್ಟಾಮೆನ್ ‘ಹಾ!’ ಎಂದು ಕೈ ಎಳೆದುಕೊಳ್ಳುತ್ತಾನೆ. ಎಲ್ಲರೂ ‘ಬೆಚ್ಚಗಿದೆ’ ಎನ್ನುತ್ತಾರೆ. ಸಾರವೆ ಅಕ್ಕನ ಮನೆಗೆ ಹೋಗುತ್ತದೆ.

ಚಕ್ರದ ಮೇಲೆ ಕೈಯಿಟ್ಟಳು. ಆ ಕೈಗೆ ಕ್ರೇನಿನ ಹಿಡಿಕೆಯ ನೆನಪು ಇನ್ನೂ ಇತ್ತು. ಗೋಡೆ ಕೊಕ್ಕೆಯಲ್ಲಿ ತೂಗುವಾಗ ಕೂದಲೆಳೆಯಷ್ಟು ಆಚೆಗಿದ್ದರೂ ಅವಳು ಮತ್ತೆ ಎತ್ತಿ ಸರಿಯಾಗಿ ಇಡುತ್ತಿದ್ದಳು. ‘ಸಾಕು ಬಿಡೇ’ ಎಂದು ಕೆಳಗಿನವರು ಕೂಗಿದರೂ ಕೇಳುತ್ತಿರಲಿಲ್ಲ. ಸುಡುವ ರೇಡಿಯೇಟರಿನಿಂದ ಗೆದ್ದರೆ, ಈ ಕೋಟು ಬೇಕೇ ಇರಲಿಲ್ಲ ಎಂದಂತಾಗುವುದಿಲ್ಲವೇ? ಬಾಯಲ್ಲಿ ಸಾವಿರ ಸುಳ್ಳು ಹೇಳಿದ್ದಳು ಜಿವ್ಕಾ. ಕೈಯಲ್ಲಿ ಒಂದನ್ನೂ ಹೇಳಿರಲಿಲ್ಲ.

ಚಕ್ರ ಬಿಟ್ಟು ಮೇಲೆ ಬಂದಳು.

ಇಸ್ಕ್ರಾ ಉದ್ದನೆಯ ಉಣ್ಣೆಕೋಟು, ಶಾಲು, ಕೈಗವಸು ಎಲ್ಲ ತೊಟ್ಟು ಬಂದಳು. ಮೊದಲನೇ ಅಂತಸ್ತಿನಲ್ಲಿ ಕೋಟಿನ ಗುಂಡಿ ಬಿಚ್ಚಿದಳು. ಎರಡನೆಯದರಲ್ಲಿ ಶಾಲು ತೆಗೆದಳು. ಮೂರನೆಯದಕ್ಕೆ ಬರುವಾಗ ಕೋಟು ಅವಳ ತೋಳಿನ ಮೇಲಿತ್ತು. ಅವಳಿಗೇ ಅದರ ಕಡೆ ಗಮನವಿರಲಿಲ್ಲ. ಬಾಗಿಲಲ್ಲಿ ಸಿಕ್ಕ ಉತ್ತರಗಳಿಂದ ತಲೆ ಕೆಟ್ಟಿತ್ತು.

“ಬೆಚ್ಚಗಿದೆಯಾ?”

“ಸುಡಲ್ಲ ಮೇಡಂ.”

“ನಿಮಗೆ ಚಳಿಯಾಗತ್ತಾ?”

“ಮುಟ್ಟಿ ನೋಡಿ, ನೀವೇ ಮುಟ್ಟಿ ನೋಡಿ!”

ಐದನೇ ಅಂತಸ್ತಿನಲ್ಲಿ ಸ್ಟಾಮೆನ್ ತುಪ್ಪಳದ ಟೋಪಿಯೊಡನೆ ಹೊರಗೆ ಬಂದು ಮೆಟ್ಟಿಲಿನ ಮೇಲೆ ನಿಂತು, ಊರಿನ ಪರವಾಗಿ ಎಂಬಂತೆ ಹೇಳಿದ: “ಬರೆದ್ಕೊಳ್ಳಿ ಮೇಡಂ. ಚಳಿ. ಹಳೇ ಕಾಲವೇ ವಾಸಿ.”

ಇಸ್ಕ್ರಾ ಜಿವ್ಕಾಳ ಕಡೆ ತಿರುಗಿದಳು. ಮುಖದಲ್ಲಿ ನಿಜವಾದ ಬೇಸರವಿತ್ತು. “ಅಮ್ಮಾ, ನಾನು ಏನು ಮಾಡಲಿ ಹೇಳಿ? ಇವರೇ ಬೇಡ ಅಂತಿದಾರೆ. ಎದುರುಗಡೆಗೆ ಸಾರವೆ ಕಳಿಸಿ ಅಂತ ನಾನು ಯಾವ ಬಾಯಲ್ಲಿ ಕೇಳಲಿ?”

ಜಿವ್ಕಾ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಪೆರ್ನಿಕ್‌ನ ಚರಿತ್ರೆಯಲ್ಲಿ ಹೀಗಾದದ್ದು ಅದೇ ಮೊದಲು.

ಆಗ ಕೆಳಗಿನ ತಿರುವಿನಲ್ಲಿ ‘ಢಬ್!’ ಎಂದು ಸದ್ದಾಯಿತು. ಗಣಿಯಲ್ಲಿ ಸಿಡಿಮದ್ದು ಹಚ್ಚಿದರೆನ್ನಬೇಕು, ಹಾಗೆ. ಒಂದು ಪೀಪಾಯಿಯ ಮುಚ್ಚಳ ಕಲ್ಲಿನ ಸಮೇತ ಹಾರಿ ಬಿದ್ದಿತ್ತು; ಒಳಗಿನಿಂದ ಬಿಳಿ ನೊರೆ ಉಕ್ಕಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತಿತ್ತು. ಜೊತೆಗೆ ವಾಸನೆ. ಆ ವಾಸನೆಯನ್ನು ಬಣ್ಣಿಸುವುದು ಬೇಡ; ಆವತ್ತು ಮೂರು ಬೀದಿಯಾಚೆ ಒಬ್ಬನಿಗೆ ನೆಗಡಿ ವಾಸಿಯಾಯಿತು ಎಂದರೆ ಸಾಕು.

ಬಾಗಿಲುಗಳೆಲ್ಲ ತೆರೆದವು. “ಯಾರದ್ದು? ಯಾರದ್ದದು?”

ಪೀಪಾಯಿ ನಾಲ್ಕನೇ ಅಂತಸ್ತಿನ ಸೆವ್ದಾಳದ್ದು. ಜೀವಮಾನವಿಡೀ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಿಯಾದ, ಜೋರಾಗಿ ಮಾತಾಡದ ಮುದುಕಿ. ಪೀಪಾಯಿಯ ಪಕ್ಕ ನಿಂತು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಿದ್ದಳು.

“ಅಯ್ಯೋ ಸೆವ್ದಾ, ಕೋಸು ಕೊಳೆಸಿಬಿಟ್ಯಾ?” ಎಂದು ಮೇಲಿನಿಂದ ಯಾರೋ ಕೂಗಿದರು.

“ಶಾಲೆ ಮಕ್ಕಳಿಗೆ ಇದನ್ನೇ ತಿನ್ನಿಸ್ತಿದ್ಲು ಅಂತ ಕಾಣತ್ತೆ!” ಎಂದು ಸ್ಟಾಮೆನ್ ಸೇರಿಸಿದ.

ಮೆಟ್ಟಿಲು ಪೂರ್ತಿ ನಗು. ಸೆವ್ದಾಳ ಹೆಗಲು ಅಲುಗುತ್ತಿತ್ತು. “ಉಪ್ಪು ಸರಿಯಾಗೇ ಹಾಕಿದ್ದೆ” ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ. “ಈ ತಿರುವು ಮೊದಲಿನ ಹಾಗಿಲ್ಲ. ಇಲ್ಲಿ ಸೆಕೆ.”

ಓಡಿ ಕೆಳಗಿಳಿದು ಬಂದಿದ್ದ ಜಿವ್ಕಾಗೆ ಮಾತ್ರ ಕೇಳಿಸಿತು.

ಬಟ್ಟೆ ಕಟ್ಟಿದ ಪೀಪಾಯಿಗಳೆಲ್ಲ ಒಂದೊಂದಾಗಿ ಅವಳ ಕಣ್ಣಿಗೆ ಬಂದವು. ತನ್ನದು. ಸ್ಟಾಮೆನ್‌ದು. ಮೇಲಿನದು, ಕೆಳಗಿನದು. ಅವಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಬಾಯಿ ತೆರೆದರೆ ಅಕ್ಕನ ಗೋಡೆಗೆ ಕೋಟು. ಆದರೆ ಈ ಊರಲ್ಲಿ ಇನ್ನು ಮುಂದೆ ಅವಳ ಕೋಸಿನ ಮಾತೆತ್ತಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಎದುರು ಕಟ್ಟಡದ ಕಡೆಯಿಂದ, ಎರಡು ಗಾಜಿನಾಚೆಯಿಂದ, ಕೆಮ್ಮೇನೂ ಕೇಳಿಸುತ್ತಿರಲಿಲ್ಲ. ಆದರೂ ಅವಳು ಕೇಳಿಸಿಕೊಂಡಳು.

ಧಡಧಡನೆ ಮೇಲೆ ಹತ್ತಿ ತನ್ನ ತಿರುವಿಗೆ ಹೋದಳು. ಚೌಕುಳಿ ಬಟ್ಟೆ ಕಿತ್ತೆಸೆದು, ಕಲ್ಲು ಇಳಿಸಿ, ಮುಚ್ಚಳ ತೆಗೆದು, ತೋಳು ಮುಳುಗಿಸಿ ಒಂದು ಕೋಸು ಎತ್ತಿದಳು. ಅದು ಅವಳ ಬೆರಳ ಸಂದಿಯಿಂದ ಜಾರಿ ‘ಪಚಕ್’ ಎಂದು ನೆಲಕ್ಕೆ ಬಿತ್ತು.

“ಸೆವ್ದಾನ ನೋಡಿ ನಗ್ತೀರಾ? ಇಲ್ಲಿ ನೋಡಿ! ಜಿವ್ಕಾ ಕೋಸು! ಇದಕ್ಕೂ ನಗಿ!”

ನಗುತ್ತಿದ್ದವರೆಲ್ಲ ಬಗ್ಗಿ ಆ ಕೋಸನ್ನು ನೋಡಿದರು.

“ನಿಂದೂನಾ?” ಎಂದಳು ಸೆವ್ದಾ, ಏಪ್ರನ್ ಇಳಿಸಿ.

“ನಂದೂ. ಉಪ್ಪು ಕಡಿಮೆ ಹಾಕಿಲ್ಲ, ನನ್ನ ಕೈ ಸೋತಿಲ್ಲ. ಬಾಯಿಬಿಟ್ಟು ಹೇಳಿ, ಇನ್ಯಾರ್ಯಾರು ಬಟ್ಟೆ ಕಟ್ಟಿ ಮುಚ್ಚಿಟ್ಟಿದೀರಾ? ಯಾಕೆ ಕೊಳೀತು ಹೇಳಿ!”

ಮೊದಲು ಎರಡನೇ ಅಂತಸ್ತಿನಿಂದ ಒಂದು ದನಿ ಬಂತು. “ನಮ್ಮದೂ ಹೋಯ್ತು.” ಆಮೇಲೆ ಆರನೆಯದರಿಂದ. ಆಮೇಲೆ ಕಟ್ಟೆ ಒಡೆಯಿತು. ನನ್ನದೂ, ನಮ್ಮದೂ, ಅತ್ತೆಯದೂ! ಒಬ್ಬೊಬ್ಬರಿಗೂ ತಮ್ಮ ಮರ್ಯಾದೆ ಉಳಿಸಿಕೊಳ್ಳುವ ಆತುರ. ತಪ್ಪು ತಮ್ಮದಲ್ಲವೆಂದು ಇನ್ನೊಬ್ಬರಿಗಿಂತ ಜೋರಾಗಿ ಕೂಗಬೇಕಿತ್ತು.

“ಈ ಸೆಕೆಗೆ ಕೋಸಲ್ಲ, ಕಲ್ಲೂ ಕೊಳೆಯತ್ತೆ!”

“ಮೆಟ್ಟಿಲ ಮೇಲೆ ಹಮಾಮಿನ ಸ್ನಾನದ ಮನೆ ಹಾಗೆ ಬೇಯ್ತಿದೆ!”

ಎಲ್ಲರಿಗಿಂತ ಮೇಲೆ ಸ್ಟಾಮೆನ್‌ನ ಗಂಟಲು. “ನಂದು ಹೇಗಿತ್ತು ಗೊತ್ತಾ ಮೇಡಂ? ಕಬ್ಬಿಣ! ಗಾಡಿ ಚಕ್ರಕ್ಕೆ ಅಡ್ಡ ಇಟ್ಟಿದ್ರೂ ಜಗ್ತಿರಲಿಲ್ಲ! ಈ ಧಗೆಗೆ ಪಾಯಸ ಆಯ್ತು! ಬರೆದ್ಕೊಳ್ಳಿ, ಸೆಕೆ! ತಡೆಯೋಕಾಗದ ಸೆಕೆ!”

ಇಸ್ಕ್ರಾ ತೋಳಿನ ಮೇಲಿದ್ದ ತನ್ನ ಕೋಟನ್ನು ಮೊದಲ ಸಲ ನೋಡಿದಳು. ಆಮೇಲೆ ಕನ್ನಡಕ ಒರೆಸಿಕೊಂಡು ಕೇಳಿದಳು.

“ತಾತ, ಈಗ ತಾನೆ ಚಳಿ ಅಂದ್ರಲ್ಲ?”

ಸ್ಟಾಮೆನ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಇಡೀ ಕಟ್ಟಡ ಅವನನ್ನೇ ನೋಡಿತು.

“ಕೋಸಿಗೆ ಸೆಕೆ” ಎಂದ ಕೊನೆಗೆ. “ನಂಗೆ ಚಳಿ.”

“ಟೋಪಿ ತೆಗಿಯೋ, ಕೋಸೇ!” ಎಂದಳು ಜಿವ್ಕಾ.

ಅವನು ತೆಗೆದ. ನೆತ್ತಿಯಿಂದ ಹಬೆ ಎದ್ದಿತು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಮೊದಲು ನಕ್ಕವಳು ಸೆವ್ದಾ. ಆಮೇಲೆ ಯಾರು ನಗಲಿಲ್ಲ ಎಂದು ಕೇಳಿ. ಕಟ್ಟಡ ಬಿದ್ದುಹೋಗಬೇಕಿತ್ತು, ಜಿವ್ಕಾ ಇಟ್ಟ ಗೋಡೆಯಾದ್ದರಿಂದ ನಿಂತಿತು. ಸ್ಟಾಮೆನ್ ತಲೆ ಒರೆಸಿಕೊಂಡು, ಯಾರೂ ಹೇಳದೆಯೇ, ಮೆಟ್ಟಿಲಿನ ಉತ್ತರ ದಿಕ್ಕಿನ ಗೋಡೆಯ ಹತ್ತಿರ ಹೋಗಿ ಅಂಗೈಯಿಟ್ಟ. ಅಲ್ಲಿ ಯಾರೂ ಯಾವತ್ತೂ ಕೈಯಿಟ್ಟದ್ದಿಲ್ಲ. ಮೊದಲೆಲ್ಲ ಇಟ್ಟಿದ್ದರೆ ಚರ್ಮ ಅಂಟಿಕೊಳ್ಳುತ್ತಿತ್ತು. ತುಂಬ ಹೊತ್ತು ಇಟ್ಟೇ ಇದ್ದ.

“ಒಣಗಿದೆ” ಎಂದ, ಮೆಲ್ಲಗೆ. ಆಮೇಲೆ ಇಸ್ಕ್ರಾಳ ಕಡೆ ತಿರುಗಿದ. “ಮೇಡಂ, ಎದುರುಗಡೆ ಪೌನಾ ಅಂತ ಒಬ್ಳು ಇದಾಳೆ. ಮೊದಲು ಅವಳ ಗೋಡೆ ಮಾಡಿ.”

“ಏಪ್ರಿಲ್‌ಗೆ ಸಾರವೆ ಬರತ್ತೆ” ಎಂದಳು ಇಸ್ಕ್ರಾ. “ಆದ್ರೆ ನನ್ನದೊಂದು ಕರಾರು. ಕೋಸು ಎಲ್ಲಿಡಬೇಕು ಅಂತ ನನ್ನ ಕೇಳಬಾರದು.”

ಜಿವ್ಕಾ ಬಾಲ್ಕನಿಗೆ ಓಡಿದಳು. ಹೊರಗಿನ ಚಳಿ ಮುಖಕ್ಕೆ ಬಾರಿಸಿತು. ಇಂಥ ಗಂಟಲನ್ನು ಪೆರ್ನಿಕ್ ಅದಕ್ಕೆ ಮುಂಚೆ ಕೇಳಿರಲಿಲ್ಲ; ಊರಾಚೆಯ ವಿತೋಷಾ ಬೆಟ್ಟ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬಂತು.

“ಅಕ್ಕಾ! ಏಪ್ರಿಲ್‌ಗೆ!”

ಪೌನಾ ಕಂಬಳಿ ಹೊದ್ದು ಹೊರಗೆ ಬಂದಳು. ಕೆಮ್ಮಿದಳು. ಆಮೇಲೆ ಕೂಗಿದಳು. “ನಿನ್ನ ಕೋಸು ಕೊಳೀತಂತೆ? ಇಲ್ಲಿಗೇ ವಾಸನೆ ಬಂತು!”

“ಕೊಳೀತು! ಎಲ್ಲರದ್ದೂ ಕೊಳೀತು!” ಎಂದಳು ಜಿವ್ಕಾ, ಚಿನ್ನದ ಪದಕ ಗೆದ್ದವಳ ಹಾಗೆ. “ಇಡೀ ಬಲ್ಗೇರಿಯಾದಲ್ಲಿ ಇಷ್ಟು ಚೆನ್ನಾಗಿ ಇನ್ಯಾವ ಕಟ್ಟಡದಲ್ಲೂ ಕೊಳೆತಿಲ್ಲ!”

ಆ ಕ್ರಿಸ್‌ಮಸ್ಸಿಗೆ ಪಶ್ಚಿಮದ ಕಟ್ಟಡದವರು ತಮ್ಮ ಪೀಪಾಯಿಗಳಿಂದ ಎದುರು ಮನೆಯವರಿಗೆಲ್ಲ ಕೋಸು ಹಂಚಿದರು. ಗರಿಗರಿಯಾಗಿತ್ತು; ಅಲ್ಲಿ ಚಳಿಗೇನು ಕೊರತೆ. ಬೋಗುಣಿ ಹೊತ್ತು ಪೌನಾಳೇ ಬಂದಳು. ಒಳಗೆ ಬಂದವಳು ಅಭ್ಯಾಸದಂತೆ ರೇಡಿಯೇಟರಿನ ಕಡೆ ಕೈ ಚಾಚಿದಳು. ಜಿವ್ಕಾ ಆ ಕೈ ಹಿಡಿದು ಗೋಡೆಯ ಮೂಲೆಗೆ ಕುರ್ಚಿ ಎಳೆದು ಕೂರಿಸಿದಳು. ಪೌನಾ ಬೋಗುಣಿ ಮಡಿಲಲ್ಲಿಟ್ಟುಕೊಂಡು, ಒಂದು ಕಂಬಳಿ ತೆಗೆದಳು. ಇನ್ನೊಂದು ತೆಗೆದಳು. ಮಾತಿನ ನಡುವೆ ಒಮ್ಮೆಯೂ ಕೆಮ್ಮಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು.

“ಅದು ಸರಿ ಕಣೇ” ಎಂದಳು ಪೌನಾ ಬಹಳ ಹೊತ್ತಿನ ಮೇಲೆ, ಕಾಲು ಚಾಚಿಕೊಂಡು. “ಮುಂದಿನ ವರ್ಷ ನಮ್ಮ ಮೆಟ್ಟಿಲೂ ಬೆಚ್ಚಗಾಗತ್ತೆ. ಆಗ ಎಲ್ಲರೂ ಕೋಸು ಎಲ್ಲಿಡೋಣ?”

ಜಿವ್ಕಾ ಕಿಟಕಿಯಾಚೆ ಹಿಮದಲ್ಲಿ ನಿಂತ ಬೂದು ಕಟ್ಟಡವನ್ನು, ಅದರಾಚೆಯ ಬೆಟ್ಟವನ್ನು, ಬೆಟ್ಟದಾಚೆಗಿರುವ ರಾಜಧಾನಿಯನ್ನು ಯೋಚಿಸಿದಳು. ಒಂದು ಎಲೆ ಬಾಯಿಗಿಟ್ಟು ಕಟಕ್ಕನೆ ಕಡಿದಳು.

“ಸೋಫಿಯಾಗೆ ಕಳಿಸೋಣ” ಎಂದಳು. “ಅಲ್ಲಿನವರಿಗೆ ಪಾಪ, ಇನ್ನೂ ಚಳಿ ಇದೆಯಂತೆ.”